ಪೊಲೀಸ್, ಫೈರ್ ಹೆಸರಲ್ಲಿ ಸೇಲ್ಸ್ ಟ್ಯಾಕ್ಸ್ ಏರಿಕೆ: ಕ್ಯಾಲಿಫೋರ್ನಿಯಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂತು ಅಂದರೆ ಅಂಚೆ ಡಬ್ಬಿ ತುಂಬ ಬಣ್ಣಬಣ್ಣದ ಕಾರ್ಡ್‌ಗಳು. ಒಂದರಲ್ಲಿ ಕೆಂಪು ಫೈರ್ ಇಂಜಿನ್, ಇನ್ನೊಂದರಲ್ಲಿ ಮಕ್ಕಳ ಜೊತೆ ನಗುತ್ತಿರುವ ಪೊಲೀಸ್. ಕೆಳಗೆ ಒಂದು ಮೆಷರ್‌ನ (ಅಂದರೆ ಊರಿನ ಮತದಾರರ ಮುಂದಿಡುವ ಪ್ರಶ್ನೆಯ) ಹೆಸರು, ಊರಿನ ಸೇಲ್ಸ್ ಟ್ಯಾಕ್ಸ್ ಕಾಲು ಸೆಂಟೋ ಅರ್ಧ ಸೆಂಟೋ ಒಂದು ಸೆಂಟೋ ಏರಿಸುವ ಪ್ರಸ್ತಾಪ. ಕ್ಯಾಲಿಫೋರ್ನಿಯಾದ ಯಾವುದಾದರೂ ಒಂದು ಊರಲ್ಲಿ ಇಂಥದ್ದೊಂದು ಪ್ರತಿ ಚುನಾವಣೆಯಲ್ಲೂ ಇದ್ದೇ ಇರುತ್ತದೆ. ನಮ್ಮ ಜನ ಇದರ ಬಗ್ಗೆ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಎಲ್ಲಕ್ಕೂ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಅರ್ಧ ಸೆಂಟ್ ಅಂದರೆ ನನ್ನ ಜೇಬಿನಿಂದ ಎಷ್ಟು ಹೋಗುತ್ತೆ?

ಒಂದು ಡಾಲರ್‌ಗೆ ಅರ್ಧ ಸೆಂಟ್, ಅಂದರೆ ನೂರು ಡಾಲರ್‌ಗೆ ಐವತ್ತು ಸೆಂಟ್. ಸಾವಿರ ಡಾಲರ್ ಟಿವಿಗೆ ಐದು ಡಾಲರ್ ಜಾಸ್ತಿ. 40,000 ಡಾಲರ್ ಕಾರಿಗೆ 200 ಡಾಲರ್. ದಿನನಿತ್ಯದ ಖರ್ಚಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಕಾರು ಅಥವಾ ಮನೆಸಾಮಾನು ಕೊಳ್ಳುವ ವರ್ಷ ಬೀಳುತ್ತದೆ.

ಇಂಡಿಯನ್ ಸ್ಟೋರ್ ಬಿಲ್ ಕೂಡ ಏರುತ್ತಾ?

ಬಹುಪಾಲು ಇಲ್ಲ. ಮನೆಗೆ ಒಯ್ದು ತಿನ್ನುವ ಆಹಾರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ನಿಮ್ಮ ಹಳೆಯ ಬಿಲ್ ಒಂದನ್ನು ತೆಗೆದು ನೋಡಿ. ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು, ಬೆಲ್ಲ, ಮೊಸರು, ಕರಿಬೇವು, ಇವು ಯಾವುದಕ್ಕೂ ಟ್ಯಾಕ್ಸ್ ಹಾಕಿರುವುದಿಲ್ಲ. ಊದುಬತ್ತಿ, ಕರ್ಪೂರ, ಸೋಪು, ಕುಕ್ಕರ್ ಗ್ಯಾಸ್ಕೆಟ್‌ಗೆ ಹಾಕಿರುತ್ತಾರೆ. ಕೋಲಾದಂಥ ಗ್ಯಾಸ್ ತುಂಬಿದ ಪಾನೀಯಕ್ಕೂ ಉಂಟು. ಅದೇ ಅಂಗಡಿಯ ಮೂಲೆಯ ಕೌಂಟರಿನಲ್ಲಿ ಬಿಸಿ ಸಮೋಸ ತೆಗೆದುಕೊಂಡರೆ ಟ್ಯಾಕ್ಸ್ ಬೀಳುತ್ತದೆ, ಫ್ರೀಜರಿನ ಸಮೋಸ ಪ್ಯಾಕೆಟ್‌ಗೆ ಬೀಳುವುದಿಲ್ಲ. ಹೋಟೆಲಿನಲ್ಲಿ ಕೂತು ತಿಂದ ಮಸಾಲೆ ದೋಸೆಗೆ, ಗೃಹಪ್ರವೇಶಕ್ಕೆ ತರಿಸಿದ ಕೇಟರಿಂಗ್ ಊಟಕ್ಕೆ ಪೂರ್ತಿ ಟ್ಯಾಕ್ಸ್.

ಮನೆ ಬಾಡಿಗೆ, ಕರೆಂಟ್ ಬಿಲ್, ನೀರು, ಡಾಕ್ಟರ್ ಫೀಸು, ಕ್ಷೌರ, ಡಾಕ್ಟರ್ ಚೀಟಿಯ ಔಷಧಿ ಇವಕ್ಕೆ ಇಲ್ಲ. ಚೀಟಿ ಇಲ್ಲದೆ ಕೊಳ್ಳುವ ತಲೆನೋವಿನ ಮಾತ್ರೆಗೆ ಇದೆ. ಚಿನ್ನದ ಒಡವೆಗೆ ಇದೆ. ಸರ, ಬಳೆ ಮಾಡಿಸುವವರಿಗೆ ಮಾತ್ರ ಈ ಅರ್ಧ ಸೆಂಟು ಒಂದಿಷ್ಟು ಚುರುಕು ಮುಟ್ಟಿಸೀತು.

ಈಗಲೇ ಒಂಬತ್ತು, ಹತ್ತು ಪರ್ಸೆಂಟ್ ಕೊಡ್ತಿದ್ದೇವಲ್ಲ? ಅದರಲ್ಲಿ ಪೊಲೀಸ್‌ಗೆ ಏನೂ ಇಲ್ವಾ?

ಇದೆ. ಅದರ ಕತೆ ಗೊತ್ತಿರುವವರು ಕಡಿಮೆ, ಅಷ್ಟೆ.

ಇಡೀ ರಾಜ್ಯಕ್ಕೆ ಮೂಲ ದರ ಶೇ. 7.25. ಇದರಲ್ಲಿ ಶೇ. 6 ರಾಜ್ಯ ವಿಧಿಸುವುದು, ಶೇ. 1.25 ಸ್ಥಳೀಯ ಪಾಲು. ಈ 1.25ರಲ್ಲಿ ಒಂದು ಪರ್ಸೆಂಟ್ ಊರಿನ ಸಾಮಾನ್ಯ ಖರ್ಚಿಗೆ, ಉಳಿದ ಕಾಲು ಸಾರಿಗೆಗೆ. ಇದರ ಮೇಲೆ ಕೌಂಟಿಗಳೂ (ನಮ್ಮ ಜಿಲ್ಲೆ ಇದ್ದಹಾಗೆ) ಊರುಗಳೂ ಮತದಾರರ ಒಪ್ಪಿಗೆ ಪಡೆದು ತಮ್ಮದೊಂದು ಪದರ ಸೇರಿಸುತ್ತಾ ಹೋಗುತ್ತವೆ. ಆಸ್ಪತ್ರೆಗೆ ಕಾಲು ಸೆಂಟು, ರೈಲಿಗೆ ಅರ್ಧ ಸೆಂಟು, ಹೀಗೆ. ಎರಡು ಊರಿನ ಬಿಲ್ಲುಗಳಲ್ಲಿ ಬೇರೆ ಬೇರೆ ದರ ಕಾಣುವುದು ಈ ಪದರದಿಂದಲೇ.

ಈಗ ಪೊಲೀಸ್ ವಿಷಯ. ರಾಜ್ಯದ ಆ ಶೇ. 6ರ ಒಳಗೇ ಅರ್ಧ ಸೆಂಟು ಸ್ಥಳೀಯ ಸುರಕ್ಷತೆಗೆಂದು ಮೀಸಲಾಗಿದೆ. 1990ರ ದಶಕದ ಶುರುವಿನಲ್ಲಿ ರಾಜ್ಯದ ಖಜಾನೆ ಬರಿದಾಗಿತ್ತು. 1992 ಮತ್ತು 1993ರಲ್ಲಿ ರಾಜ್ಯ ಸರ್ಕಾರ ಊರು ಮತ್ತು ಕೌಂಟಿಗಳ ಆಸ್ತಿ ತೆರಿಗೆಯ ಒಂದು ಭಾಗವನ್ನು ಶಾಲೆಗಳ ಕಡೆಗೆ ತಿರುಗಿಸಿತು. ಆ ನಷ್ಟವನ್ನು ಒಂದಿಷ್ಟು ತುಂಬಿಕೊಡಲು ಪ್ರೊಪೊಸಿಷನ್ 172, ಅಂದರೆ ಇಡೀ ರಾಜ್ಯದ ಮತದಾರರ ಮುಂದಿಟ್ಟ ಪ್ರಸ್ತಾಪ, ಬಂತು. ಮತದಾನ 1993ರ ನವೆಂಬರ್ 2ಕ್ಕೆ. ಅದಕ್ಕೆ ಒಂದು ವಾರದ ಹಿಂದಷ್ಟೇ ಲಗೂನಾ ಬೀಚ್‌ನಲ್ಲಿ ಕಾಳ್ಗಿಚ್ಚು ನೂರಾರು ಮನೆಗಳನ್ನು ನುಂಗಿತ್ತು. ಮತದಾನದ ದಿನವೇ ಮಾಲಿಬು ಕಡೆ ಇನ್ನೊಂದು ಬೆಂಕಿ ಎದ್ದಿತು. ಪ್ರಸ್ತಾಪ ಸುಲಭವಾಗಿ ಗೆದ್ದಿತು. ಆದರೆ ಆ ದುಡ್ಡಿನ ಬಹುಪಾಲು ಹೋಗುವುದು ಕೌಂಟಿಗಳಿಗೆ, ಅಂದರೆ ಶೆರಿಫ್ (ಕೌಂಟಿಯ ಪೊಲೀಸ್), ಜೈಲು, ಜಿಲ್ಲಾ ಅಟಾರ್ನಿ ಕಚೇರಿಗೆ. ಊರುಗಳಿಗೆ ಸಿಗುವುದು ಸಣ್ಣ ತುಣುಕು. ಹಾಗಾಗಿ ಸಿಟಿ ಕೌನ್ಸಿಲ್‌ನವರು ನಮಗೆ ಸಾಲುತ್ತಿಲ್ಲ ಎನ್ನುವುದು ಪೂರ್ತಿ ಸುಳ್ಳಲ್ಲ.

ಮನೆ ಇದ್ದವರು ವರ್ಷಕ್ಕೆ ಹತ್ತು ಹದಿನೈದು ಸಾವಿರ ಆಸ್ತಿ ತೆರಿಗೆ ಕಟ್ಟುತ್ತೇವೆ. ಅದೆಲ್ಲಿ ಹೋಯ್ತು?

ಹೆಚ್ಚಿನದು ಶಾಲೆಗಳಿಗೆ ಮತ್ತು ಕೌಂಟಿಗೆ. ಊರಿಗೆ ಬರುವುದು ಅದರಲ್ಲಿ ಸಣ್ಣ ಪಾಲು. 1978ರ ಪ್ರೊಪೊಸಿಷನ್ 13 ಮೂಲ ಆಸ್ತಿ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿತು. ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಮಾರಾಟವಾದರೆ ಮಾತ್ರ ಹೊಸ ಬೆಲೆ. ಅದಕ್ಕೇ ನಿಮ್ಮ ಪಕ್ಕದ ಮನೆಯ ಹಳೆಯ ದಂಪತಿ ನೀವು ಕಟ್ಟುವುದರ ಕಾಲುಭಾಗ ಕಟ್ಟುತ್ತಿರಬಹುದು. ಸಂಬಳ, ಡೀಸೆಲ್, ಆರೋಗ್ಯ ವಿಮೆ ಇವು ಯಾವುದೂ ಶೇ. 2ಕ್ಕೆ ನಿಲ್ಲುವುದಿಲ್ಲ. ಊರುಗಳಿಗೆ ಉಳಿದ ಸುಲಭದ ದಾರಿ ಸೇಲ್ಸ್ ಟ್ಯಾಕ್ಸ್.

ಬ್ಯಾಲೆಟ್‌ನಲ್ಲೇ ಪೊಲೀಸ್, ಫೈರ್ ಅಂತ ಬರೆದಿದೆ. ದುಡ್ಡು ಅವರಿಗೇ ಹೋಗಬೇಕು ಅಲ್ವಾ?

ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ. ಬರೆದಿದೆ ಅಂದಮಾತ್ರಕ್ಕೆ ಹೋಗಬೇಕೆಂದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ತೆರಿಗೆಗಳು ಎರಡು ಜಾತಿ. ಒಂದು ಸಾಮಾನ್ಯ ತೆರಿಗೆ. ದುಡ್ಡು ಊರಿನ ಸಾಮಾನ್ಯ ನಿಧಿಗೆ ಬೀಳುತ್ತದೆ, ಕೌನ್ಸಿಲ್ ಯಾವುದಕ್ಕೆ ಬೇಕಾದರೂ ಬಳಸಬಹುದು. ಇದಕ್ಕೆ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಬಂದರೆ ಸಾಕು. ಇನ್ನೊಂದು ವಿಶೇಷ ತೆರಿಗೆ. ಹೇಳಿದ ಕೆಲಸಕ್ಕೇ ಬಳಸಬೇಕು, ಕಾನೂನಿನ ಕಟ್ಟು ಇದೆ. ಇದಕ್ಕೆ ಮೂರರಲ್ಲಿ ಎರಡು ಪಾಲು ಓಟು ಬೇಕು. 1996ರ ಪ್ರೊಪೊಸಿಷನ್ 218 ಈ ಬೇಲಿಯನ್ನು ರಾಜ್ಯದ ಸಂವಿಧಾನದೊಳಗೇ ನೆಟ್ಟಿತು.

ಬೆಂಗಳೂರಲ್ಲಿ ಮನೆ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಸ್ತಿ ತೆರಿಗೆ ರಸೀದಿಯಲ್ಲಿ ತೆರಿಗೆಯ ಕೆಳಗೆ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಅಂತ ಬೇರೆ ಸಾಲು ಇರುತ್ತಲ್ಲ, ಆ ಸೆಸ್ ಇದ್ದಹಾಗೆ ವಿಶೇಷ ತೆರಿಗೆ. ಮೇಲಿನ ಸಾಲು ಇದ್ದಹಾಗೆ ಸಾಮಾನ್ಯ ತೆರಿಗೆ.

ಮೂರರಲ್ಲಿ ಎರಡು ಪಾಲು ಗಿಟ್ಟಿಸುವುದು ಕಷ್ಟ. ಹಾಗಾಗಿ ಎಷ್ಟೋ ಕೌನ್ಸಿಲ್‌ಗಳು ಸಾಮಾನ್ಯ ತೆರಿಗೆಯನ್ನೇ ಮುಂದಿಟ್ಟು, ಬ್ಯಾಲೆಟ್ ಒಕ್ಕಣೆಯಲ್ಲಿ ಪೊಲೀಸ್, ಫೈರ್, 911, ರಸ್ತೆ ಗುಂಡಿ, ಪಾರ್ಕು ಎಂದು ಜನರಿಗೆ ಪ್ರಿಯವಾದುದನ್ನೆಲ್ಲ ಪೋಣಿಸುತ್ತವೆ. ಕೊನೆಗೆ ಇಂಥ ಇತರ ಸೇವೆಗಳು ಎನ್ನುವ ಅರ್ಥದ ಒಂದು ಪದ ತೂರಿಸಿರುತ್ತಾರೆ. ಆ ಪದ ಕಂಡರೆ ಅದು ಸಾಮಾನ್ಯ ತೆರಿಗೆ ಎಂದೇ ಅಂದಾಜು ಮಾಡಿ. ಖಚಿತವಾಗಬೇಕಾದರೆ ಮತದಾರರ ಪುಸ್ತಿಕೆಯಲ್ಲಿ ಸಿಟಿ ಅಟಾರ್ನಿಯ ನಿಷ್ಪಕ್ಷ ವಿಶ್ಲೇಷಣೆ ಓದಿ. ಒಂದು ಪುಟವೂ ಇರುವುದಿಲ್ಲ. ಯಾವ ಜಾತಿಯ ತೆರಿಗೆ, ಎಷ್ಟು ಓಟು ಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ.

ಇದಕ್ಕೆ ಒಂದು ನಿಜವಾದ ಉದಾಹರಣೆ ಕೊಡ್ತೀರಾ?

ಸ್ಟಾಕ್‌ಟನ್. ಒಂದೇ ಊರಲ್ಲಿ ಎರಡೂ ಜಾತಿ ಸಿಗುತ್ತವೆ.

2004ರಲ್ಲಿ ಅಲ್ಲಿನ ಮತದಾರರು ಮೆಷರ್ ಡಬ್ಲ್ಯು ಪಾಸು ಮಾಡಿದರು. ಕಾಲು ಸೆಂಟು, ಪೊಲೀಸ್ ಮತ್ತು ಫೈರ್‌ಗೆ ಮಾತ್ರ. ವಿಶೇಷ ತೆರಿಗೆ, ಮೂರರಲ್ಲಿ ಎರಡು ಪಾಲು ದಾಟಿ ಗೆದ್ದದ್ದು. ಆಮೇಲೆ ಮನೆ ಬೆಲೆಗಳು ಕುಸಿದವು, ಊರಿನ ವರಮಾನ ಬಿತ್ತು, ಸಾಲ ಮತ್ತು ನಿವೃತ್ತರ ಆರೋಗ್ಯ ವಿಮೆಯ ಹೊರೆ ಹಾಗೇ ಉಳಿಯಿತು. 2012ರ ಜೂನ್‌ನಲ್ಲಿ ಸ್ಟಾಕ್‌ಟನ್ ದಿವಾಳಿ ಅರ್ಜಿ ಹಾಕಿತು. ಅಲ್ಲಿವರೆಗೆ ಅಮೆರಿಕದಲ್ಲಿ ಅಷ್ಟು ದೊಡ್ಡ ಊರು ದಿವಾಳಿ ಕೋರ್ಟ್ ಮೆಟ್ಟಿಲು ಹತ್ತಿರಲಿಲ್ಲ. ಅಷ್ಟರಲ್ಲಿ ಪೊಲೀಸ್ ಬಲ ಸುಮಾರು ಕಾಲುಭಾಗ ಕರಗಿತ್ತು. ಆ ವರ್ಷ ಊರಲ್ಲಿ 71 ಕೊಲೆಗಳಾದವು.

2013ರ ನವೆಂಬರ್‌ನಲ್ಲಿ ಮೆಷರ್ ಎ ಬಂತು. ಮುಕ್ಕಾಲು ಸೆಂಟು. ಈ ಸಲ ಸಾಮಾನ್ಯ ತೆರಿಗೆ, ಬರೀ ಬಹುಮತ ಸಾಕು. ಜೊತೆಗೇ ಮೆಷರ್ ಬಿ ಎಂಬ ಇನ್ನೊಂದು ಪ್ರಶ್ನೆ: ಈ ದುಡ್ಡಿನಲ್ಲಿ ಶೇ. 65 ಪೊಲೀಸ್ ಮತ್ತು ಅಪರಾಧ ತಡೆಗೆ, ಶೇ. 35 ದಿವಾಳಿಯಿಂದ ಹೊರಬರಲು ಮತ್ತು ಸೇವೆಗಳಿಗೆ ಹೋಗಲಿ, ಒಪ್ಪುತ್ತೀರಾ? ಜನ ಎರಡಕ್ಕೂ ಹೌದು ಎಂದರು. ಆದರೆ ಮೆಷರ್ ಬಿ ಬರೀ ಸಲಹೆ. ಕೌನ್ಸಿಲ್ ಅದನ್ನು ಪಾಲಿಸದಿದ್ದರೂ ಕಾನೂನು ಮುರಿದಂತೆ ಆಗುತ್ತಿರಲಿಲ್ಲ. 120 ಹೊಸ ಪೊಲೀಸರನ್ನು ತೆಗೆದುಕೊಳ್ಳುವ ಯೋಜನೆ ಇತ್ತು, ನೇಮಕ ಮಾತ್ರ ನಿಧಾನವಾಯಿತು. ಒಂದು ಕಡೆಯಿಂದ ಸೇರಿಸಿಕೊಳ್ಳುತ್ತಿದ್ದರೆ ಇನ್ನೊಂದು ಕಡೆಯಿಂದ ಇದ್ದವರು ಜಾಸ್ತಿ ಸಂಬಳದ ಊರುಗಳಿಗೆ ಹೊರಟುಹೋಗುತ್ತಿದ್ದರು. 2015ರಲ್ಲಿ ಊರು ದಿವಾಳಿಯಿಂದ ಹೊರಬಂತು.

ಹಾಗಾದರೆ ವಿಶೇಷ ತೆರಿಗೆ ಆದರೆ ಭದ್ರ ಅಂತಾಯ್ತು?

ಅರ್ಧ ಭದ್ರ. ಸ್ಟಾಕ್‌ಟನ್‌ನಲ್ಲಿ ಮೆಷರ್ ಡಬ್ಲ್ಯು ಇದ್ದೂ ಪೊಲೀಸರ ಸಂಖ್ಯೆ ಇಳಿಯಿತು, ನೋಡಿ.

ಲೆಕ್ಕ ಸರಳ. ಊರು ಪೊಲೀಸ್‌ಗೆ ಸಾಮಾನ್ಯ ನಿಧಿಯಿಂದ 5 ಕೋಟಿ ಡಾಲರ್ ಕೊಡುತ್ತಿದೆ ಅಂದುಕೊಳ್ಳಿ. ಹೊಸ ತೆರಿಗೆಯಿಂದ 1 ಕೋಟಿ ಬಂತು. ಅದಷ್ಟೂ ಪೊಲೀಸ್‌ಗೇ ಹೋಯಿತು. ಆದರೆ ಸಾಮಾನ್ಯ ನಿಧಿಯ ಪಾಲನ್ನು ಕೌನ್ಸಿಲ್ ಸದ್ದಿಲ್ಲದೆ 4 ಕೋಟಿ 20 ಲಕ್ಷಕ್ಕೆ ಇಳಿಸಿತು. ಪೊಲೀಸ್‌ಗೆ ನಿಜವಾಗಿ ಸಿಕ್ಕಿದ್ದು 20 ಲಕ್ಷ ಜಾಸ್ತಿ. ಉಳಿದ 80 ಲಕ್ಷ ಬೇರೆಲ್ಲೋ ಖರ್ಚಾಯಿತು. ಯಾರೂ ಕಾನೂನು ಮುರಿಯಲಿಲ್ಲ!

ಇದನ್ನು ತಡೆಯಲು ಒಂದೇ ಉಪಾಯ. ಈಗ ಕೊಡುತ್ತಿರುವುದಕ್ಕಿಂತ ಕಡಿಮೆ ಮಾಡುವಂತಿಲ್ಲ ಎಂಬ ಷರತ್ತು ಮೆಷರ್‌ನ ಪೂರ್ಣ ಪಠ್ಯದಲ್ಲೇ ಇರಬೇಕು. ಪ್ರೊಪೊಸಿಷನ್ 172ರ ದುಡ್ಡಿಗೆ ಇಂಥದ್ದೊಂದು ನಿಯಮವನ್ನು ರಾಜ್ಯ ಆಮೇಲೆ ಹಾಕಿತು. ನಿಮ್ಮ ಊರಿನ ಮೆಷರ್‌ನಲ್ಲಿ ಇದೆಯಾ ಹುಡುಕಿ. ನನ್ನ ಮಟ್ಟಿಗೆ ನಾಗರಿಕರ ಮೇಲ್ವಿಚಾರಣಾ ಸಮಿತಿಗಿಂತ ಈ ಒಂದು ಸಾಲು ಹೆಚ್ಚು ಬೆಲೆಯದ್ದು. ಸಮಿತಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ವರದಿ ಓದಿ ಸಲಹೆ ಕೊಡುತ್ತವೆ, ಖರ್ಚು ನಿಲ್ಲಿಸುವ ಅಧಿಕಾರ ಅವಕ್ಕೆ ಇರುವುದಿಲ್ಲ.

ಮೂರರಲ್ಲಿ ಎರಡು ಪಾಲು ಇಲ್ಲದೆ ವಿಶೇಷ ತೆರಿಗೆ ಪಾಸಾಗೋದೇ ಇಲ್ವಾ?

ಆಗುತ್ತದೆ. ಕೌನ್ಸಿಲ್ ಬದಲು ನಾಗರಿಕರೇ ಸಹಿ ಸಂಗ್ರಹಿಸಿ ಬ್ಯಾಲೆಟ್‌ಗೆ ತಂದರೆ ಬಹುಮತ ಸಾಕು ಎಂಬ ದಾರಿ ತೆರೆದುಕೊಂಡಿದೆ. 2017ರಲ್ಲಿ ಅಪ್‌ಲ್ಯಾಂಡ್ ಊರಿನ ಕೇಸಿನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ಬುನಾದಿ. ಸಹಿ ಸಂಗ್ರಹಕ್ಕೆ ದುಡ್ಡು ಹಾಕುವವರು ಯಾರು ಎಂದು ನೋಡಿಕೊಳ್ಳುವುದು ಒಳ್ಳೆಯದು. ಎಷ್ಟೋ ಸಲ ಆ ದುಡ್ಡಿನಿಂದ ಲಾಭ ಪಡೆಯುವವರೇ ಹಾಕಿರುತ್ತಾರೆ.

ದುಡ್ಡು ಕೊನೆಗೆ ಯಾವುದಕ್ಕೆ ಖರ್ಚಾಗುತ್ತೆ? ಹೊಸ ಗಾಡಿಗಳಿಗಾ?

ಕಾರ್ಡಿನ ಮೇಲೆ ಗಾಡಿ, ಖರ್ಚಿನಲ್ಲಿ ಮನುಷ್ಯರು. ಫೈರ್ ಇಂಜಿನ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಓಡುತ್ತದೆ. ಅದರೊಳಗಿನ ಸೀಟು ತುಂಬುವುದೇ ದುಬಾರಿ.

ಒಂದು ಇಂಜಿನ್‌ನಲ್ಲಿ ನಾಲ್ಕು ಜನ ಇರಬೇಕು ಎಂದಿಟ್ಟುಕೊಳ್ಳಿ. ಫೈರ್‌ನವರ ಪಾಳಿ ಸಾಮಾನ್ಯವಾಗಿ 24 ಗಂಟೆ. ಮೂರು ತಂಡಗಳು ಸರದಿಯಲ್ಲಿ ಬರುತ್ತವೆ, ಸರಾಸರಿ ವಾರಕ್ಕೆ 56 ಗಂಟೆ. ಅಂದರೆ ನಾಲ್ಕು ಸೀಟಿಗೆ 12 ಜನ. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಇನ್ನೂ ಜಾಸ್ತಿ. ಅವರಿಲ್ಲದಿದ್ದರೆ ಓವರ್‌ಟೈಮ್. ಅದಕ್ಕೇ ಎಷ್ಟೋ ಊರುಗಳು ಮೂರು ಜನರಲ್ಲೇ ಇಂಜಿನ್ ಓಡಿಸುತ್ತವೆ. ಆಗ ಇನ್ನೊಂದು ತೊಡಕು: ಉರಿಯುವ ಮನೆಯೊಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ತಯಾರಾಗಿ ನಿಂತಿರಬೇಕು ಎಂಬುದು ಸುರಕ್ಷತಾ ನಿಯಮ. ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಗೊತ್ತಾದರೆ ವಿನಾಯಿತಿ ಉಂಟು. ಇಲ್ಲದಿದ್ದರೆ ಮೂವರ ತಂಡ ಎರಡನೇ ಇಂಜಿನ್ ಬರುವವರೆಗೆ ಹೊರಗಿನಿಂದಲೇ ನೀರು ಹಾಯಿಸಬೇಕು. ನಾಲ್ಕನೇ ಸೀಟಿಗಾಗಿ ಯೂನಿಯನ್‌ಗಳು ಅಷ್ಟು ಜಗಳ ಆಡುವುದು ಸುಮ್ನೆ ಅಲ್ಲ.

ಇನ್ನು ಪಿಂಚಣಿ. ಯಾವ ಪ್ರಚಾರದ ಕಾರ್ಡ್‌ನಲ್ಲೂ ಇದರ ಹೆಸರು ಕಾಣುವುದಿಲ್ಲ. 1999ರಲ್ಲಿ ರಾಜ್ಯ ತನ್ನ ಹೆದ್ದಾರಿ ಪೊಲೀಸರಿಗೆ ಉದಾರವಾದ ಸೂತ್ರ ಕೊಟ್ಟಿತು. ಆಮೇಲೆ ಊರುಗಳೂ ಒಂದರ ಹಿಂದೆ ಒಂದು ಅದೇ ಹಾದಿ ಹಿಡಿದವು. ಕೆಲಸ ಮಾಡಿದ ಪ್ರತಿ ವರ್ಷಕ್ಕೂ ಸಂಬಳದ ಶೇ. 3, ವಯಸ್ಸು 50 ಆದರೆ ಸಾಕು. 25ಕ್ಕೆ ಸೇರಿ 55ಕ್ಕೆ ನಿವೃತ್ತಿಯಾದವರಿಗೆ 30 ವರ್ಷಕ್ಕೆ ಶೇ. 90 ಪಿಂಚಣಿ, ಸಾಯುವವರೆಗೆ. ಶೇರು ಮಾರುಕಟ್ಟೆ ಬೀಗುತ್ತಿದ್ದ ಕಾಲದಲ್ಲಿ ಇದು ಭಾರ ಅನ್ನಿಸಿರಲಿಲ್ಲ. 2008ರಲ್ಲಿ ಮಾರುಕಟ್ಟೆ ನೆಲ ಕಚ್ಚಿತು, ಬಿಲ್ಲು ಊರುಗಳ ಬಾಗಿಲಿಗೆ ಬಂತು. 2013ರ ಜನವರಿಯಿಂದ ಹೊಸದಾಗಿ ಸೇರುವವರಿಗೆ ಸೂತ್ರ ಬಿಗಿಯಾಗಿದೆ. ಗರಿಷ್ಠ ಶೇ. 2.7, ಅದೂ 57ನೇ ವಯಸ್ಸಿಗೆ. ಹಳಬರಿಗೆ ಕೊಟ್ಟ ಮಾತು ಹಾಗೇ ಇದೆ. ಹೊಸ ತೆರಿಗೆಯ ಒಂದು ಪಾಲು ಹೊಸ ಪೊಲೀಸರ ಬದಲು ಈ ಹಳೆಯ ಬಾಕಿಗೆ ಹೋಗುವುದು ಎಲ್ಲೆಡೆ ನಡೆಯುತ್ತದೆ. ಪಿಂಚಣಿ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಕಾರ್ಡಿನಲ್ಲಿ ಬರೆದು ಕೇಳಲಿ ಅಂತ ಅಷ್ಟೆ.

ನಮ್ಮೂರಲ್ಲಿ ಬೆಂಕಿಯೇ ಬೀಳೋದಿಲ್ಲ. ಇಷ್ಟೊಂದು ಫೈರ್ ಸ್ಟೇಷನ್ ಯಾಕೆ?

ಅಪ್ಪ ಅಮ್ಮ ಇಂಡಿಯಾದಿಂದ ಬಂದಿದ್ದಾಗ ರಾತ್ರಿ ಎದೆನೋವು ಅಂತ 911 ಒತ್ತಿದವರಿಗೆ ಉತ್ತರ ಗೊತ್ತು. ಹೆಚ್ಚಿನ ಊರುಗಳಲ್ಲಿ ಆಂಬುಲೆನ್ಸ್ ಜೊತೆ, ಎಷ್ಟೋ ಸಲ ಅದಕ್ಕಿಂತ ಮೊದಲೇ, ಫೈರ್ ಇಂಜಿನ್ ಬಂದು ನಿಲ್ಲುತ್ತದೆ. ದಪ್ಪ ಬೂಟಿನವರು ಒಳಗೆ ಬಂದು ಇಸಿಜಿ ಹಚ್ಚುತ್ತಾರೆ. ದೇಶಾದ್ಯಂತ ಫೈರ್ ಇಲಾಖೆಗಳಿಗೆ ಬರುವ ಕರೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯಕೀಯ ತುರ್ತಿಗೆ ಸಂಬಂಧಿಸಿದವು. ಬೆಂಕಿಯ ಕರೆಗಳು ನೂರಕ್ಕೆ ಬೆರಳೆಣಿಕೆಯಷ್ಟು.

ಬೇಡ ಅಂತ ಓಟು ಹಾಕಿದರೆ ನಿಜವಾಗಿಯೂ ಸ್ಟೇಷನ್ ಮುಚ್ಚುತ್ತಾರಾ? ಹೆದರಿಸ್ತಾರಾ?

ಎರಡೂ ಉಂಟು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರಕ್ಕಿರುವ ವಲ್ಲೇಹೊ 2008ರಲ್ಲಿ ದಿವಾಳಿಯಾಯಿತು. ಅದರ ಸಾಮಾನ್ಯ ನಿಧಿಯ ಸುಮಾರು ಮುಕ್ಕಾಲು ಪಾಲು ಪೊಲೀಸ್ ಮತ್ತು ಫೈರ್ ಒಪ್ಪಂದಗಳಿಗೇ ಹೋಗುತ್ತಿತ್ತು. ಅಲ್ಲಿ ಸ್ಟೇಷನ್‌ಗಳು ನಿಜವಾಗಿಯೂ ಮುಚ್ಚಿದವು. 2011ರಲ್ಲಿ ಹತ್ತು ವರ್ಷಕ್ಕೆಂದು ಒಂದು ಸೆಂಟ್ ತೆರಿಗೆ ಕೂದಲೆಳೆಯಲ್ಲಿ ಗೆದ್ದಿತು. 2016ರಲ್ಲಿ ಆ ಹತ್ತು ವರ್ಷದ ಗಡುವನ್ನೇ ತೆಗೆದುಹಾಕಲಾಯಿತು. ತಾತ್ಕಾಲಿಕ ತೆರಿಗೆ ಎಂಬುದು ಎಷ್ಟು ತಾತ್ಕಾಲಿಕ ಎಂಬುದಕ್ಕೆ ಇದು ಸಾಕು.

ಆದರೆ ಪ್ರತಿ ಊರೂ ವಲ್ಲೇಹೊ ಅಲ್ಲ. ಕೌನ್ಸಿಲ್‌ನವರು ಸ್ಟೇಷನ್ ಮುಚ್ಚುತ್ತೇವೆ ಎಂದಾಗ ಐದು ವರ್ಷದ ಆದಾಯ ಖರ್ಚಿನ ಅಂದಾಜು ತೋರಿಸಿ ಎನ್ನಿ. ಮೀಸಲು ನಿಧಿ ಎಷ್ಟಿದೆ ಎಂದೂ ಕೇಳಿ.

ಎಷ್ಟು ವರ್ಷ ಇರುತ್ತೆ ಅಂತ ಎಲ್ಲಿ ನೋಡಬೇಕು?

ಬ್ಯಾಲೆಟ್ ಮೇಲೇ. ದರ, ಅವಧಿ, ವರ್ಷಕ್ಕೆ ಎಷ್ಟು ದುಡ್ಡು ಬರುತ್ತದೆ, ಈ ಮೂರನ್ನೂ ಅಲ್ಲೇ ಬರೆಯಬೇಕೆಂದು ಕಾನೂನು ಇದೆ. ಮತದಾರರು ಕೊನೆಗೊಳಿಸುವವರೆಗೆ ಎಂಬ ಅರ್ಥದ ಮಾತು ಇದ್ದರೆ ಅದಕ್ಕೆ ಗಡುವೇ ಇಲ್ಲ ಎಂದು ಓದಿಕೊಳ್ಳಿ. ಸಹಿ ಸಂಗ್ರಹಿಸಿ ರದ್ದು ಮಾಡುವ ಹಕ್ಕು ಜನರಿಗೆ ಇದೆ, ಆ ತಾಪತ್ರಯಕ್ಕೆ ಇಳಿಯುವವರು ಅಪರೂಪ.

ಸೇಲ್ಸ್ ಟ್ಯಾಕ್ಸ್ ಬಡವರಿಗೇ ಜಾಸ್ತಿ ಹೊರೆ ಅಲ್ವಾ?

ಹೌದು. ಸಂಬಳದ ಬಹುಪಾಲನ್ನು ಖರ್ಚು ಮಾಡಲೇಬೇಕಾದವರಿಗೆ, ಉಳಿಸುವ ಶಕ್ತಿ ಇರುವವರಿಗಿಂತ ಇದು ಹೆಚ್ಚು ತಟ್ಟುತ್ತದೆ. ಅಕ್ಕಿಬೇಳೆ, ಬಾಡಿಗೆಗೆ ಇಲ್ಲದಿರುವುದು ಒಂದಿಷ್ಟು ಸಮಾಧಾನ. ಇನ್ನೊಂದು ಕೊರತೆಯೂ ಇದೆ. ಆರ್ಥಿಕ ಹಿಂಜರಿತ ಬಂದರೆ ಜನ ಕಾರು ಕೊಳ್ಳುವುದು ನಿಲ್ಲಿಸುತ್ತಾರೆ, ವರಮಾನ ಕುಸಿಯುತ್ತದೆ. ಪೊಲೀಸರ ಸಂಬಳ ಕುಸಿಯುವುದಿಲ್ಲ.

ಪಕ್ಕದ ಊರಿನಲ್ಲಿ ಕಾರು ಕೊಂಡರೆ ತಪ್ಪಿಸಿಕೊಳ್ಳಬಹುದಾ? ಆನ್‌ಲೈನ್ ತರಿಸಿದರೆ?

ಕಾರಿಗೆ ಆಗುವುದಿಲ್ಲ. ನೋಂದಣಿ ಯಾವ ವಿಳಾಸಕ್ಕೋ ಅಲ್ಲಿನ ದರ. ಆನ್‌ಲೈನ್‌ನಲ್ಲೂ ಪಾರ್ಸೆಲ್ ಬರುವ ಊರಿನ ದರ ಬೀಳುತ್ತದೆ. 2018ರಲ್ಲಿ ವೇಫೇರ್ ಎಂಬ ಆನ್‌ಲೈನ್ ಅಂಗಡಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ದೊಡ್ಡ ಆನ್‌ಲೈನ್ ಮಾರಾಟಗಾರರು ತಪ್ಪಿಸಿಕೊಳ್ಳುವ ಹಾಗಿಲ್ಲ. ಪಕ್ಕದೂರಿನ ಅಂಗಡಿಗೆ ಹೋಗಿ ಟಿವಿ ಹೊತ್ತು ತಂದರೆ ಅರ್ಧ ಸೆಂಟು ಉಳಿದೀತು, ಪೆಟ್ರೋಲಿಗೆ ಹೋದೀತು.

ಪಾಸಾದರೆ ಯಾವಾಗಿನಿಂದ?

ನವೆಂಬರ್‌ನಲ್ಲಿ ಪಾಸಾದದ್ದು ಸಾಮಾನ್ಯವಾಗಿ ಮುಂದಿನ ಏಪ್ರಿಲ್ 1ರಿಂದ. ದೊಡ್ಡ ಖರೀದಿ ಇದ್ದರೆ ಮಾರ್ಚ್ ಒಳಗೆ ಮುಗಿಸಿ.

ಕರ್ನಾಟಕದಲ್ಲಿ ಊರಿನವರು ಹೀಗೆ ಓಟು ಹಾಕಿದ್ದು ಕೇಳಿಲ್ಲವಲ್ಲ?

ಅಲ್ಲಿ ಪೊಲೀಸೂ ಅಗ್ನಿಶಾಮಕ ದಳವೂ ರಾಜ್ಯ ಸರ್ಕಾರದ್ದು, ಗೃಹ ಇಲಾಖೆಯಡಿ. ಮೈಸೂರಿನ ಪಾಲಿಕೆ ಪೊಲೀಸರಿಗೆ ಸಂಬಳ ಕೊಡುವುದಿಲ್ಲ. ಊರು ಸ್ವಂತವಾಗಿ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ 1979ರಲ್ಲೇ ಹೋಯಿತು, 2017ರ ಜಿಎಸ್‌ಟಿ ಬಂದಮೇಲೆ ಊರಿಗೊಂದು ಮಾರಾಟ ತೆರಿಗೆ ಎಂಬ ಮಾತೇ ಇಲ್ಲ. ಇಲ್ಲಿ ಊರೇ ಪೊಲೀಸರನ್ನು ಇಟ್ಟುಕೊಳ್ಳಬೇಕು, ಹಾಗಾಗಿ ಊರೇ ದುಡ್ಡು ಹುಡುಕಬೇಕು.

ಸಿಟಿ ಕಳಿಸಿದ ಕಾರ್ಡ್ ನೋಡಿದರೆ ಪ್ರಚಾರದ ಹಾಗೇ ಇದೆ. ಸರಿನಾ ಇದು?

ಸಾರ್ವಜನಿಕ ದುಡ್ಡಿನಲ್ಲಿ ಹೌದು ಅಥವಾ ಇಲ್ಲ ಎಂದು ಓಟು ಕೇಳುವಂತಿಲ್ಲ, ಮಾಹಿತಿ ಕೊಡಬಹುದು ಅಷ್ಟೆ. 1976ರಲ್ಲೇ ರಾಜ್ಯ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಹಾಗಾಗಿ ಸಿಟಿಯ ಕಾರ್ಡ್‌ನಲ್ಲಿ ಓಟು ಹಾಕಿ ಎಂಬ ಪದ ಇರುವುದಿಲ್ಲ, ಉಳಿದದ್ದೆಲ್ಲ ಇರುತ್ತದೆ. ನಾನಂತೂ ಅದನ್ನು ಪಕ್ಕಕ್ಕಿಟ್ಟು ಪುಸ್ತಿಕೆಯಲ್ಲಿ ಪರ ಮತ್ತು ವಿರೋಧದ ವಾದಗಳಿಗೆ ಸಹಿ ಹಾಕಿದವರು ಯಾರು ಎಂದು ನೋಡುತ್ತೇನೆ.

ನಾನು ಎಚ್‌1ಬಿ. ಟ್ಯಾಕ್ಸ್ ಕಟ್ಟಬೇಕು, ಓಟು ಇಲ್ಲ. ಏನು ಮಾಡಬಹುದು?

ಎಚ್‌1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಇಂಥ ಮೆಷರ್‌ಗೆ ಓಟು ಇಲ್ಲ, ಪೌರತ್ವ ಬೇಕು. ಡಿಎಂವಿಯಲ್ಲಿ (ರಾಜ್ಯದ ವಾಹನ ಇಲಾಖೆ) ಲೈಸೆನ್ಸ್ ಫಾರಂ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ನಿಧಾನವಾಗಿ ಓದಿ ಉತ್ತರಿಸಿ. ಗಡಿಬಿಡಿಯಲ್ಲಿ ನಾಗರಿಕ ಎಂದು ಒತ್ತಿಬಿಟ್ಟರೆ ಮುಂದೆ ವಲಸೆ ಕಾಗದಪತ್ರದಲ್ಲಿ ದೊಡ್ಡ ತಲೆನೋವು.

ಆದರೆ ಸಿಟಿ ಕೌನ್ಸಿಲ್ ಸಭೆಯಲ್ಲಿ ಮಾತಾಡಲು ಪೌರತ್ವ ಕೇಳುವುದಿಲ್ಲ. ಸಾರ್ವಜನಿಕರಿಗೆ ಮೈಕು ಕೊಡಲೇಬೇಕು, ಸಾಮಾನ್ಯವಾಗಿ ತಲಾ ಎರಡು ಮೂರು ನಿಮಿಷ. ತೆರಿಗೆಯನ್ನು ಬ್ಯಾಲೆಟ್‌ಗೆ ಹಾಕುವ ತೀರ್ಮಾನ ಆಗುವ ಸಭೆ ಒಂದು. ತೆರಿಗೆ ಪಾಸಾದ ಮೇಲೆ ಪ್ರತಿ ವರ್ಷ ಮೇ, ಜೂನ್‌ನಲ್ಲಿ ನಡೆಯುವ ಬಜೆಟ್ ಸಭೆ ಇನ್ನೊಂದು, ಏಕೆಂದರೆ ಊರಿನ ಲೆಕ್ಕದ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಈ ಎರಡನೆಯದಕ್ಕೆ ಬರುವವರು ತೀರಾ ಕಡಿಮೆ. ಹೋದರೆ ಒಂದೇ ಪ್ರಶ್ನೆ ಕೇಳಿ: ತೆರಿಗೆ ಬರುವ ಮೊದಲಿನ ವರ್ಷ ಸಾಮಾನ್ಯ ನಿಧಿಯಿಂದ ಪೊಲೀಸ್, ಫೈರ್‌ಗೆ ಎಷ್ಟು ಹೋಗಿತ್ತು, ಈ ವರ್ಷ ಎಷ್ಟು?